ಹೊಲದ ಕಲ್ಲು, ಕಮಲಾಪುರದ ಕಲ್ಲು



ಏಪ್ರಿಲ್ ಬಂತೆಂದರೆ ನಮ್ಮ ಬುಕ್ಕಸಾಗರದಲ್ಲಿ ಬೆಳಗಿನ ಹತ್ತು ಗಂಟೆಗೇ ಬಂಡೆಗಳು ಕಾದಿರುತ್ತವೆ. ಕಾಲುವೆಗೆ ಬಿದ್ದ ಹುಡುಗರು ಮೇಲೆ ಬರುವುದಿಲ್ಲ, ಬಾಳೆತೋಟದ ನೆರಳಲ್ಲಿ ಕೂತ ಹಿರಿಯರು ಏಳುವುದಿಲ್ಲ. ಇಂಥ ದಿನಗಳಲ್ಲೇ ಒಂದು ಬೆಳಗ್ಗೆ ಮನೆಯ ಮಕ್ಕಳನ್ನು ಕರೆದುಕೊಂಡು, ಕಂಪ್ಲಿ ಕಡೆಯಿಂದ ಹೊಸಪೇಟೆಗೆ ಹೋಗುವ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿಯಿರಿ ಎಂದು ಕೇಳಿಕೊಳ್ಳಲು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಬೇಸಿಗೆ ರಜೆಯ ಕಲಾಪ್ರದರ್ಶನ ಅಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ವೆಂಕಟಪ್ಪ ಆರ್ಟ್ ಗ್ಯಾಲರಿ ಅಂತ ನಮ್ಮ ಮನಸ್ಸು ಓಡುತ್ತದೆ. ಅವು ದೊಡ್ಡ ಜಾಗಗಳೇ, ಅನುಕೂಲವಿದ್ದವರು ಹೋಗಿ ನೋಡಲಿ. ಆದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ ನಮ್ಮ ಮಗ್ಗುಲಲ್ಲೇ, ಕಮಲಾಪುರದಲ್ಲಿ ಇದೆ. ಹಂಪಿಯ ಹಾಳುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಮೂರ್ತಿಗಳನ್ನು ಬ್ರಿಟಿಷ್ ಅಧಿಕಾರಿಗಳು ಮೊದಲು ಆನೆಲಾಯದಂಥ ಹಳೆಯ ಕಟ್ಟಡಗಳಲ್ಲಿ ತಂದಿಟ್ಟರು. ಈಗಿನ ಕಟ್ಟಡಕ್ಕೆ ಅವು ಬಂದದ್ದು 1972ರಲ್ಲಿ. ಶುಕ್ರವಾರ ರಜೆ, ಅದೊಂದು ನೆನಪಿರಲಿ. ಏಪ್ರಿಲ್ 18 ವಿಶ್ವ ಪರಂಪರೆಯ ದಿನ, ಮೇ 18 ವಸ್ತುಸಂಗ್ರಹಾಲಯಗಳ ದಿನ. ಎರಡೂ ಶಾಲೆಯ ರಜೆಯೊಳಗೇ ಬರುತ್ತವೆ. ಪರದೇಶದ ಪ್ರವಾಸಿಗರು ಬಿಸಿಲಿಗೆ ಹೆದರಿ ಬಾರದಿರುವ ಕಾಲವಿದು. ಒಂದು ಮೂರ್ತಿಯ ಮುಂದೆ ಎಷ್ಟು ಹೊತ್ತು ನಿಂತರೂ ಹಿಂದಿನಿಂದ ಯಾರೂ ನೂಕುವುದಿಲ್ಲ.

ಅಲ್ಲಿ ಹಂಪಿಯ ಕಣಿವೆಯದೊಂದು ಮಾದರಿ ಮಾಡಿಟ್ಟಿದ್ದಾರೆ. ಗುಡ್ಡ, ಹೊಳೆ, ಗುಡಿ, ಕೋಟೆಗಳನ್ನು ಮೇಲಿನಿಂದ ಹದ್ದಿನ ಹಾಗೆ ನೋಡಬಹುದು. ಹೋದ ವರ್ಷ ನನ್ನ ಮೊಮ್ಮಗಳು ಅದರ ಮುಂದೆ ನಿಂತು, “ತಾತ, ನಮ್ಮೂರು ಎಲ್ಲಿ ಬರ್ತದೆ?” ಅಂದಳು. ವಿಠ್ಠಲ ಗುಡಿಯಿಂದ ಹೊಳೆಯ ಗುಂಟ ಮೂಡಣಕ್ಕೆ ಬೆರಳು ತೋರಿಸಿದೆ. ಅಲ್ಲಿಯವರೆಗೂ ಹಂಪಿ ಅವಳಿಗೆ ಬೇರೆ ಊರಾಗಿತ್ತು. ನಾವು ಈಜುವ ಹೊಳೆಯೂ ಆ ಗುಡಿಗಳ ಪಕ್ಕ ಹರಿಯುವ ಹೊಳೆಯೂ ಒಂದೇ ಅನ್ನುವುದು ಅವಳಿಗೆ ಹೊಳೆದದ್ದು ಅಲ್ಲಿ.

ಒಳಗೆ ವೀರಭದ್ರ, ಭೈರವ, ಭಿಕ್ಷಾಟನಮೂರ್ತಿ, ಮಹಿಷಾಸುರಮರ್ದಿನಿ ಎಲ್ಲರೂ ಇದ್ದಾರೆ. ಚಿನ್ನದ ಮತ್ತು ತಾಮ್ರದ ನಾಣ್ಯಗಳಿವೆ. ಅವನ್ನೆಲ್ಲ ನೀವೇ ನೋಡಿಕೊಳ್ಳಿ. ನಾನು ಹೆಚ್ಚು ಹೊತ್ತು ನಿಲ್ಲುವುದು ವೀರಗಲ್ಲುಗಳ ಮತ್ತು ಮಾಸ್ತಿಕಲ್ಲುಗಳ ಹತ್ತಿರ.

ವೀರಗಲ್ಲನ್ನು ಓದುವ ಕ್ರಮ ಬೇರೆ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ವೀರಗಲ್ಲನ್ನು ಬುಡದಿಂದ ಮೇಲಕ್ಕೆ ಓದಬೇಕು. ಬುಡದಲ್ಲಿ ಕಾಳಗ. ಕತ್ತಿ ಹಿರಿದವನೊಬ್ಬ, ಎದುರಿಗೆ ಬಿಲ್ಲಿನವರು. ಅದರ ಮೇಲಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ನಮಗೆ ಹೆಸರು ತಿಳಿಯದ ಒಬ್ಬ ಊರಿನ ಮನುಷ್ಯ ದನ ಉಳಿಸಲು ಹೋಗಿಯೋ ಗಡಿ ಕಾಯಲು ಹೋಗಿಯೋ ಸತ್ತ. ಸೂರ್ಯ ಚಂದ್ರ ಇರುವ ತನಕ ಅವನ ಹೆಸರಿರಲಿ ಎಂದು ಅವನ ಜನ ಒಂದು ಕಲ್ಲು ಕಡೆಸಿದರು. ಅಪ್ಸರೆಯರ ತೋಳಿನಲ್ಲಿ ಅವನ ಕಾಲುಗಳು ಜೋತುಬಿದ್ದಿರುವುದನ್ನು ಒಮ್ಮೆ ಗಮನಿಸಿ. ದಣಿದ ಮಗುವನ್ನು ಜಾತ್ರೆಯಿಂದ ಎತ್ತಿಕೊಂಡು ಬಂದ ಹಾಗಿದೆ.

ಮಾಸ್ತಿಕಲ್ಲಿನಲ್ಲಿ ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು. ಮೊಣಕೈಯಲ್ಲಿ ಮಡಿಚಿ, ಹಸ್ತ ಮೇಲೆತ್ತಿದೆ. ಬೆರಳ ನಡುವೆ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಗಂಡ ಸತ್ತ ಮೇಲೂ ಆ ಬಳೆ ಒಡೆಯಲಿಲ್ಲ, ಯಾಕೆಂದರೆ ಆಕೆ ಉಳಿಯಲೇ ಇಲ್ಲ. ಕೆತ್ತನೆಯ ಕುಶಲತೆಯ ಮಾತು ಆಮೇಲೆ. ನನಗೆ ಮೊದಲು ನೆನಪಾಗುವುದು ಆ ಹೆಣ್ಣುಮಗಳು. ಕಲ್ಲು ಅವಳನ್ನು ದೇವತೆ ಮಾಡಿತು. ಬೆಂಕಿಯ ಮುಂದೆ ನಿಂತಾಗ ಅವಳಿಗೆ ಏನನ್ನಿಸಿತು ಎಂದು ಕಲ್ಲು ಹೇಳುವುದಿಲ್ಲ. ಮಕ್ಕಳು ಕೇಳಿದರೆ ಮುಚ್ಚಿಡದೆ ಹೇಳಿ.

ವೀರಗಲ್ಲಿನ ಮಾತನ್ನು ಇಷ್ಟು ಬಿಡಿಸಿ ಹೇಳಲು ಒಂದು ಕಾರಣವಿದೆ. ನಮ್ಮ ಗದ್ದೆಯ ಬದುವಿನಲ್ಲಿ ಸೊಂಟದೆತ್ತರದ ಒಂದು ಕಲ್ಲಿದೆ. ಚಿಕ್ಕಂದಿನಲ್ಲಿ ನಾವು ಅದಕ್ಕೆ ಎಮ್ಮೆ ಕಟ್ಟುತ್ತಿದ್ದೆವು, ಅದರ ಅಂಚಿಗೆ ಕುಡುಗೋಲು ಮಸೆಯುತ್ತಿದ್ದೆವು. ನನಗೆ ಮೂವತ್ತು ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಕಮಲಾಪುರಕ್ಕೆ ಹೋಗಿ, ಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು ನೋಡುತ್ತಾ ನಡೆಯುತ್ತಿದ್ದವನು ಒಂದರ ಮುಂದೆ ಸ್ತಬ್ಧನಾದೆ. ಅದೇ ಅಳತೆ, ತಲೆಯಲ್ಲಿ ಅದೇ ಕಮಾನು. ನಾನು ಮಸೆದು ಮಸೆದು ಸವೆಸಿದ್ದು ಒಬ್ಬ ಮನುಷ್ಯನ ನೆನಪನ್ನು ಎಂದು ಗೊತ್ತಾದಾಗ ಆದ ಸಂಕಟ ಈಗಲೂ ಇದೆ. ಅವತ್ತಿನಿಂದ ಆ ಕಲ್ಲಿಗೆ ನಮ್ಮ ಮನೆಯವರು ಯಾರೂ ಹಗ್ಗ ಕಟ್ಟಿಲ್ಲ.

ಕಲ್ಲು ಕಳೆದುಕೊಂಡದ್ದನ್ನು ಕೆಲವೊಮ್ಮೆ ಹಳೆಯ ಫೋಟೋ ಉಳಿಸಿಕೊಡುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಗೆ ಬಂದು ಫೋಟೋ ತೆಗೆದ. ಆಗ ಫಿಲ್ಮ್ ಇನ್ನೂ ಬಂದಿರಲಿಲ್ಲ. ಮೇಣ ಕುಡಿಸಿದ ಕಾಗದವೇ ನೆಗೆಟಿವ್, ಒಂದೊಂದೂ ಸುಮಾರು 16 ಅಂಗುಲಕ್ಕೆ 18 ಅಂಗುಲ. ಬಹುಕಾಲ ಕಣ್ಮರೆಯಾಗಿದ್ದ ಆ ನೆಗೆಟಿವ್‌ಗಳು ಕಡೆಗೂ ಸಿಕ್ಕಾಗ, ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು 1983ರಲ್ಲಿ ಗ್ರೀನ್ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಐವತ್ತು ರೂಪಾಯಿ ನೋಟಿನ ಮೇಲಿರುವ ನಮ್ಮ ಕಲ್ಲಿನ ರಥ ಎಲ್ಲರಿಗೂ ಗೊತ್ತು, ಅದಕ್ಕೆ ಶಿಖರವಿಲ್ಲ. ಗ್ರೀನ್ಲಾನ ಚಿತ್ರದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ! ಆಮೇಲೆ ಅದನ್ನು ತೆಗೆದುಹಾಕಿದರು. ಆ ಒಂದು ಕಾಗದ ಉಳಿದಿರದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತು ಎಂದು ನಾವು ಆಣೆ ಮಾಡಿ ಹೇಳುತ್ತಿದ್ದೆವು.

ಫೋಟೋದ ಮಾತು ಬಂದಾಗ ಹಂಪಿಯ ವಿರೂಪಾಕ್ಷ ಗುಡಿಯ ಒಂದು ಕತ್ತಲ ಕೋಣೆ ನೆನಪಾಗುತ್ತದೆ. ಗರ್ಭಗುಡಿಯ ಹಿಂಬದಿಯಲ್ಲಿ, ಒಂದು ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಗ್ರೀನ್ಲಾನ ಕ್ಯಾಮೆರಾ ಕೂಡ ಅದೇ ತರದ ಒಂದು ಕತ್ತಲ ಪೆಟ್ಟಿಗೆ. ಕಿಂಡಿ ಇದ್ದ ಜಾಗದಲ್ಲಿ ಮಸೂರ, ಗೋಡೆ ಇದ್ದ ಜಾಗದಲ್ಲಿ ಮೇಣದ ಕಾಗದ, ಅಷ್ಟೇ ವ್ಯತ್ಯಾಸ. ಬೇಸಿಗೆಯ ಬೆಳಗಿನ ಚುರುಕು ಬಿಸಿಲಿನಲ್ಲಿ ಆ ನೆರಳು ಬಹಳ ಸ್ಪಷ್ಟ.

ಅದೇ ಗುಡಿಯ ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದು, 1509-10ರದ್ದು. ಅದರ ಛತ್ತಿನ ತುಂಬ ಚಿತ್ರಗಳಿವೆ. ಅವೂ ಆ ಕಾಲದವೇ ಅನ್ನುವವರುಂಟು, ಹತ್ತೊಂಬತ್ತನೆಯ ಶತಮಾನದಲ್ಲಿ ಗುಡಿ ದುರಸ್ತಿಯಾದಾಗ ಬರೆದವು ಅನ್ನುವ ವಿದ್ವಾಂಸರೂ ಇದ್ದಾರೆ. ನನ್ನ ಕಣ್ಣಿಗೆ ಎರಡೂ ಒಂದೇ. ಕಾವಿಗೆಂಪು, ಹಸಿರು, ಕಪ್ಪು ಗೆರೆ. ವಿದ್ಯಾರಣ್ಯರ ಪಲ್ಲಕ್ಕಿಯ ಮುಂದೆ ಹಿಂದೆ ಆನೆ, ಕುದುರೆ, ಒಂಟೆ, ಆಳುಗಳ ಸಾಲು. ಶಿವನ ಮೇಲೆ ಹೂಬಾಣ ಹೂಡಿದ ಮನ್ಮಥ. ಮತ್ಸ್ಯಯಂತ್ರದ ಮುಂದೆ ಅರ್ಜುನ. ಅರ್ಜುನ ಕೆಳಗಿನ ನೀರಿನಲ್ಲಿ ಬಿಂಬ ನೋಡುತ್ತಾ ಮೇಲಿನ ಮೀನಿಗೆ ಗುರಿಯಿಡುತ್ತಾನೆ. ಅವನನ್ನು ನೋಡಲು ನಾವು ಕತ್ತು ಎತ್ತಿ ನಿಂತಿರುತ್ತೇವೆ. ಹತ್ತು ನಿಮಿಷಕ್ಕೆ ಕತ್ತು ನೋಯುತ್ತದೆ. ಒಂದು ಕಂಬದ ಬುಡಕ್ಕೆ ಒರಗಿ ಕೂತು ನೋಡಿ.

ಕಲ್ಲು, ಬಣ್ಣಗಳ ಮಾತಾಯಿತು, ಆದರೆ ದಾರದಲ್ಲಿ ಚಿತ್ರ ಬರೆಯುವ ಸಂಡೂರಿನ ಹೆಣ್ಣುಮಕ್ಕಳನ್ನು ನೆನೆಯದೆ ನನ್ನ ಮಾತು ಮುಗಿಯದು. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ತಾಂಡಾಗಳ ಅಕ್ಕತಂಗಿಯರು ಕಸೂತಿ ಹಾಕುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2023ರ ಜುಲೈಯಲ್ಲಿ ಜಿ-20 ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ, ಎದುರು ಬಸವಣ್ಣನ ಆವರಣದಲ್ಲಿ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಕೆಲಸದ 1755 ತುಣುಕುಗಳು ಪ್ರದರ್ಶನಗೊಂಡು ಗಿನ್ನೆಸ್ ದಾಖಲೆ ಸೇರಿದವು. ಆ ದೊಡ್ಡ ಸಂಖ್ಯೆಯನ್ನು ಒಂದು ಕ್ಷಣ ಪಕ್ಕಕ್ಕಿಡಿ. ಒಂದೇ ತುಣುಕನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ. ಕಿಲಣ್, ವೇಲೆ, ಮಾಕಿ, ರೇಲೊ, ನಕ್ರಾ ಅಂತ ಒಂದೊಂದು ಹೊಲಿಗೆಗೂ ಒಂದೊಂದು ಹೆಸರು. ಕನ್ನಡಿಯ ಚೂರಿನ ಸುತ್ತ ದಾರ ಒತ್ತಾಗಿ ಹಿಡಿದು ಬಿಗಿದಿರುತ್ತದೆ, ಉಗುರಿನಿಂದ ಎಬ್ಬಿಸಿದರೂ ಕನ್ನಡಿ ಅಲುಗುವುದಿಲ್ಲ. ಬಟ್ಟೆಯ ಹಿಂಭಾಗ ನೋಡಿದರೆ ಕೈ ಪಳಗಿದ್ದೋ ಹೊಸದೋ ತಿಳಿಯುತ್ತದೆ. ಚಿತ್ರ ಬರೆಯುವವರಿಗೆ ಕಲಾವಿದರು ಅನ್ನುತ್ತೇವೆ, ಇವರಿಗೆ ಕಸೂತಿಯವರು ಅಂತಷ್ಟೇ ಅಂದು ಸುಮ್ಮನಾಗುತ್ತೇವೆ. ಅದು ನನಗೆ ಸರಿಕಾಣುವುದಿಲ್ಲ.

ಹೋದ ಬೇಸಿಗೆ ಕಮಲಾಪುರದಿಂದ ಹಿಂದಿರುಗಿದ ಸಂಜೆ ಮೊಮ್ಮಗಳು ಮನೆಗೆ ಬರಲೊಲ್ಲೆ ಎಂದಳು, ನೇರ ಗದ್ದೆಗೆ ಹೋಗಬೇಕಂತೆ. ಹೊತ್ತು ಇಳಿದಿತ್ತು. ಕಾಲುವೆಯಿಂದ ಕೊಡದಲ್ಲಿ ನೀರು ತಂದು ಆ ಕಲ್ಲಿನ ಮೇಲೆ ಸುರಿದೆವು. ಉಜ್ಜಲಿಲ್ಲ, ಅರಿಶಿನ ಎಣ್ಣೆ ಯಾವುದನ್ನೂ ಬಳಿಯಬಾರದು, ನೀರೊಂದೇ ಸಾಕು. ಮಧ್ಯಾಹ್ನದ ಬೆಳಕಿನಲ್ಲಿ ಆ ಕಲ್ಲು ಬರೀ ಬೋಳು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಸವೆದ ಗೆರೆಗಳಿಗೆ ನೆರಳು ಹುಟ್ಟುತ್ತದೆ. ಅವಳು ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸುತ್ತಾ ಮೇಲಕ್ಕೆ ಬಂದಳು. ಕುಡುಗೋಲು ಮಸೆದ ಕಡೆ ಬೆರಳು ಜಾರಿತು, ಅಲ್ಲಿ ಏನೂ ಉಳಿದಿರಲಿಲ್ಲ. ಇನ್ನೂ ಮೇಲೆ ಹೋಗಿ, ಕಮಾನಿನ ಕೆಳಗೆ, ಎಡಕ್ಕೆ ಒಂದು ದುಂಡಗಿನ ಉಬ್ಬು, ಬಲಕ್ಕೆ ಕುಡುಗೋಲಿನ ಆಕಾರದ ಇನ್ನೊಂದು ಉಬ್ಬು ಸಿಕ್ಕವು. “ತಾತ, ಇಬ್ಬರೂ ಇದ್ದಾರೆ,” ಅಂದಳು.