ಮಗುವಿನ ಸಮೇತ ಮನೆಗೆ
(ಸಂತ ಜೋಸೆಫರ ಹಬ್ಬದ ಪ್ರಬೋಧನೆ, ಮಾರ್ಚ್ 19)



ಇಂದು ಸಂತ ಜೋಸೆಫರ ಹಬ್ಬ. ಇಂದಿನ ಶುಭಸಂದೇಶದ ವಾಚನ ಮತ್ತಾಯನ ಮೊದಲನೆಯ ಅಧ್ಯಾಯದ 16ನೆಯ ವಚನದಿಂದ ಆರಂಭವಾಗುತ್ತದೆ. ಅದಕ್ಕೂ ಮುಂಚಿನ ಹದಿನೈದು ವಚನಗಳಲ್ಲಿ ಬರೀ ಹೆಸರುಗಳು. ಕ್ರಿಸ್ಮಸ್ ಸಮಯದಲ್ಲಿ ಅವುಗಳನ್ನು ಓದುವಾಗ ಓದುವವರ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಆಕಳಿಕೆ ಬರುತ್ತದೆ. ಇಂದು ಆ ಭಾಗವನ್ನು ಬಿಟ್ಟೇ ಓದುತ್ತೇವೆ. ಆದರೆ ಜೋಸೆಫರನ್ನು ಅರಿಯಬೇಕಾದರೆ ಆ ಪಟ್ಟಿಗೆ ಒಮ್ಮೆ ಹಿಂತಿರುಗಲೇಬೇಕು. ಏಕೆಂದರೆ ಅದು ಜೋಸೆಫರ ಮನೆತನದ ಪಟ್ಟಿ. ಅದರಲ್ಲಿ ಬೋವಜ ಎಂಬೊಬ್ಬ ರೈತನಿದ್ದಾನೆ. ಅವನ ತಾಯಿ ರಹಾಬಳು, ಜೆರಿಕೋ ಊರಿನಲ್ಲಿ ಜನ ಬೆರಳು ತೋರಿಸುತ್ತಿದ್ದ ಹೆಣ್ಣುಮಗಳು. ಅವನ ಹೆಂಡತಿ ರೂತಳು, ಪರದೇಶದ ವಿಧವೆ.

ರೂತಳ ಕಥೆ ಸುಗ್ಗಿಯ ಕಥೆ. ಗಂಡ ಸತ್ತ ಮೇಲೆ ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದ ಅವಳು, ಕೊಯ್ಲಾದ ಹೊಲದಲ್ಲಿ ಬಿದ್ದ ಜವೆಗೋಧಿಯ ತೆನೆ ಆಯಲು ಹೊರಟಳು. ಇದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬಾಗಲಕೋಟೆಯಿಂದ ಕಲಾದಗಿಯ ಕಡೆ ಹೋಗುವಾಗ ತುಳಸಿಗೇರಿಯ ಆಚೀಚೆ ಜೋಳದ ಹೊಲಗಳಿವೆ. ಅಲ್ಲಿಯ ಹಿರಿಯ ತಾಯಂದಿರನ್ನು ಕೇಳಿ, ಹಕ್ಕಲು ಆಯುವುದು ಎಂದರೆ ಏನೆಂದು ಹೇಳುತ್ತಾರೆ. ಹೊಲದ ಒಡೆಯ ಒಳ್ಳೆಯವನಾದರೆ ಸುಮ್ಮನಿರುತ್ತಾನೆ, ಇಲ್ಲವಾದರೆ ಬಯ್ದು ಓಡಿಸುತ್ತಾನೆ. ಹೊಲದಲ್ಲಿ ಮರೆತು ಬಿಟ್ಟ ಸಿವುಡು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದೆಂದು ಧರ್ಮೋಪದೇಶಕಾಂಡದ ಕಟ್ಟಳೆಯೇ ಇತ್ತು. ಬೋವಜ ಅಷ್ಟಕ್ಕೇ ನಿಲ್ಲಲಿಲ್ಲ. ಸಿವುಡಿನಿಂದ ಬೇಕೆಂತಲೇ ಒಂದಷ್ಟು ತೆನೆ ಎಳೆದು ಅವಳಿಗಾಗಿ ಬೀಳಿಸಿ ಎಂದು ಆಳುಗಳಿಗೆ ಹೇಳಿದ. ಕೊಟ್ಟಂತೆ ಕಾಣಬಾರದು, ಆಕೆಯೇ ದುಡಿದು ಪಡೆದಂತಿರಬೇಕು. ಇಂಥ ಸೂಕ್ಷ್ಮ ಅವನಿಗೆ ಎಲ್ಲಿಂದ ಬಂತು? ಬೈಬಲ್ ಹೇಳುವುದಿಲ್ಲ. ರಹಾಬಳ ಮಗನಾಗಿ ಬೆಳೆದವನಿಗೆ ಊರಿನ ಮಾತು ಹೆಣ್ಣನ್ನು ಹೇಗೆ ಸುಡುತ್ತದೆ ಎಂಬುದು ಮನೆಯಲ್ಲೇ ತಿಳಿದಿರಬೇಕು ಎಂದು ನಾವು ಊಹಿಸಿದರೆ ತಪ್ಪಾಗಲಾರದು.

ಮುಂದಿನದು ಇನ್ನೂ ಮುಖ್ಯ. ರಾತ್ರಿ ಕಣದಲ್ಲಿ ರೂತಳು ಮದುವೆಯ ಮಾತೆತ್ತಿದಳು. ಬೆಳಗಾಗುತ್ತಲೇ ಬೋವಜ ಊರ ಅಗಸಿಗೆ ಹೋಗಿ ಕುಳಿತ, ಹತ್ತು ಮಂದಿ ಹಿರಿಯರನ್ನು ಕೂಡಿಸಿದ. ಅವನಿಗಿಂತ ಹತ್ತಿರದ ಬಂಧುವೊಬ್ಬನಿದ್ದ. ಹೊಲ ಬಿಡಿಸಿಕೊಳ್ಳಲು ಆತ ಸಿದ್ಧನಾದ. ಹೊಲದ ಜೊತೆಗೆ ರೂತಳೂ ಬರುತ್ತಾಳೆ ಎಂದಾಗ, ತನ್ನ ಆಸ್ತಿಗೆ ನಷ್ಟವಾದೀತೆಂದು ಹಿಂದೆ ಸರಿದ. ಅವನ ಹೆಸರನ್ನು ಪುಸ್ತಕ ಬರೆದಿಡಲೂ ಇಲ್ಲ! ಬೋವಜ ಹಾಡುಹಗಲಲ್ಲಿ, ಎಲ್ಲರ ಎದುರಿಗೆ, ಆಕೆಯನ್ನು ಮದುವೆಯಾಗುವೆನೆಂದು ಹೇಳಿದ.

ಹಾಡುಹಗಲಲ್ಲಿ ಎಂಬುದನ್ನು ನಾವು ಒತ್ತಿ ಹೇಳಲು ಕಾರಣವಿದೆ. ನಮ್ಮ ನಾಡಿನಲ್ಲಿ ವಿಧವೆಯ ಮರುಮದುವೆ ಹೊಸದೇನಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ‘ಉಡಿಕಿ’ ಎಂಬ ಪದ್ಧತಿ ಬಹಳ ಹಿಂದಿನಿಂದಲೂ ಇತ್ತು. ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುವುದು ಎಂದರ್ಥ. ಮೇಲ್ಜಾತಿಗಳು ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲಿ ದುಡಿಯುವ ಜನ ಆಕೆಗೆ ಇನ್ನೊಂದು ಬಾಳು ಕೊಟ್ಟಿದ್ದರು ಎಂಬುದು ಹೆಮ್ಮೆಯ ವಿಷಯವೇ. ಆದರೆ ಹಲವೆಡೆ ಆ ಮದುವೆ ನಡೆಯುತ್ತಿದ್ದುದು ರಾತ್ರಿಯಲ್ಲಿ, ನಾಲ್ಕೇ ಜನರ ನಡುವೆ, ವಾದ್ಯವಿಲ್ಲದೆ. ಮುತ್ತೈದೆಯರು ಅತ್ತ ಸುಳಿಯುತ್ತಿರಲಿಲ್ಲ. ಇನ್ನೊಂದು ಮಾತು ಇದಕ್ಕಿಂತ ಕಠಿಣ: ಮೊದಲ ಗಂಡನ ಮಕ್ಕಳು ಅವನ ಕಡೆಯವರಲ್ಲೇ ಉಳಿಯಬೇಕು ಎಂಬ ರೂಢಿ ಹಲವು ಸಮುದಾಯಗಳಲ್ಲಿತ್ತು. ಸೀರೆ ಸಿಕ್ಕಿತು, ಮಗು ಹೋಯಿತು. ಕಾನೂನೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಮಾನ್ಯತೆ ಕೊಟ್ಟಿತು ನಿಜ. ಅದೇ ಕಾಯ್ದೆ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾಳೆ ಎಂದಿತು. ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಿರೆಂದು ಗಂಡನ ಬಂಧುಗಳು ನ್ಯಾಯಾಲಯಕ್ಕೆ ಹೋಗಲು ದಾರಿಯನ್ನೂ ಮಾಡಿಕೊಟ್ಟಿತು.

ಈಗ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ತುಳಸಿಗೇರಿಯವಳೆಂದೇ ಇಟ್ಟುಕೊಳ್ಳೋಣ, ಹನುಮಪ್ಪನ ಗುಡಿಯಿಂದಾಗಿ ಎಲ್ಲರಿಗೂ ಗೊತ್ತಿರುವ ಊರು ಅದು. ವಯಸ್ಸು ಮೂವತ್ತು ದಾಟಿಲ್ಲ. ಗಂಡ ತೀರಿಹೋಗಿ ನಾಲ್ಕು ವರ್ಷ. ಒಬ್ಬ ಮಗ, ಎರಡನೇ ಇಯತ್ತೆ. ಬೆಳಗಿನ ಜಾವ ರೊಟ್ಟಿ ಬಡಿದು ಕಟ್ಟಿಕೊಂಡು ಟಂಟಂ ಹತ್ತಿ ಕೂಲಿಗೆ ಹೋಗುತ್ತಾಳೆ. ವಾರಕ್ಕೊಮ್ಮೆ ಸಂಘದ ಸಾಲದ ಕಂತು. ಮದುವೆ, ಸೀಮಂತ ಎಂದು ಊರೆಲ್ಲ ಉಡಿ ತುಂಬುವಾಗ ಈಕೆ ತಾನಾಗಿಯೇ ಅಡಿಗೆಮನೆಯ ಕಡೆ ಸರಿಯುತ್ತಾಳೆ, ಯಾರೂ ಹೇಳಬೇಕಾಗಿಲ್ಲ. ಇವಳ ಬಾಳಿನಲ್ಲಿ ಇನ್ನು ಏನೂ ಆಗುವುದಿಲ್ಲ ಎಂದು ಊರು ತೀರ್ಮಾನಿಸಿದೆ, ಆಕೆಯೂ ತೀರ್ಮಾನಿಸಿದ್ದಾಳೆ. ಅಷ್ಟರಲ್ಲಿ ಆ ಟಂಟಂ ಓಡಿಸುವವನು, ಒಂದು ಸಂಜೆ ಎಲ್ಲರೂ ಇಳಿದು ಹೋದ ಮೇಲೆ, ತಲೆ ಕೆಳಗೆ ಹಾಕಿಕೊಂಡು ಕೇಳುತ್ತಾನೆ. ಆಕೆಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಹೆದರಿಕೆ. ಮೂರು ದಿನ ಬೇರೆ ಟಂಟಂ ಹತ್ತುತ್ತಾಳೆ. ನಾಲ್ಕನೆಯ ದಿನ ಅವಳು ಕೇಳುವ ಪ್ರಶ್ನೆ ಒಂದೇ: “ನನ್ನ ಮಗಾ?” ಅವನ ಉತ್ತರ: “ಅವನ್ನ ಬಿಟ್ಟು ಬಾ ಅಂತ ನಾ ಎಲ್ಲಿ ಅಂದೆ?”

ಈ ತಾಯಿ ಕಲ್ಪನೆಯವಳು. ಆದರೆ ಆಕೆಯ ಹೆದರಿಕೆ ಕಲ್ಪನೆಯದಲ್ಲ. ಗಿರೀಶ ಕಾರ್ನಾಡರು 2011ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ ತಮ್ಮ ತಾಯಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೃಷ್ಣಾಬಾಯಿ ಎಳೆಯ ಪ್ರಾಯದಲ್ಲೇ ವಿಧವೆಯಾದವರು, ಕೈಯಲ್ಲೊಬ್ಬ ಮಗ, ಗಂಟಿನಲ್ಲಿ ಏನೂ ಇಲ್ಲ. ನರ್ಸ್ ತರಬೇತಿಗೆ ಹೋದರು. ಡಾಕ್ಟರ್ ರಘುನಾಥ ಕಾರ್ನಾಡರ ಮೊದಲ ಹೆಂಡತಿ ಹಾಸಿಗೆ ಹಿಡಿದಿದ್ದರು. ಅವರ ಆರೈಕೆ, ಮನೆಯ ಅಡಿಗೆ ಎರಡನ್ನೂ ನೋಡಿಕೊಂಡರು. ಆ ಮನೆಯಲ್ಲಿ ಪ್ರೀತಿ ಹುಟ್ಟಿತು. ಅದರ ಎಲ್ಲ ವಿವರ ಧರ್ಮಸಭೆಯ ಅಳತೆಗೋಲಿಗೆ ಹೊಂದುವಂಥದ್ದಲ್ಲ, ಅದನ್ನು ಹೊಂದಿಸಲು ನಾವು ಹೋಗುವುದೂ ಇಲ್ಲ. ನಾವು ನೋಡಬೇಕಾದ್ದು ಬೇರೆ. ಡಾಕ್ಟರು ಸರ್ಕಾರಿ ನೌಕರಿಯಲ್ಲಿದ್ದವರು, ಓದಿದವರು. ಅಂಥವರೂ ಒಬ್ಬ ವಿಧವೆಯನ್ನು ಮದುವೆಯಾಗಲು ಸಮಾಜಕ್ಕೆ ಅಂಜಿ ಸುಮಾರು ಐದು ವರ್ಷ ಕಾಯಬೇಕಾಯಿತು. ಕೊನೆಗೆ ಮದುವೆ ಮಾಡಿಸಿದ್ದು ಆರ್ಯ ಸಮಾಜ. ಮುಂದೆ ಹುಟ್ಟಿದ ನಾಲ್ವರು ಮಕ್ಕಳಲ್ಲಿ ಮೂರನೆಯವರು, 1938ರಲ್ಲಿ ಹುಟ್ಟಿದ ಗಿರೀಶರು. ಶಿರಸಿಯಲ್ಲಿ, ಧಾರವಾಡದಲ್ಲಿ ಬೆಳೆದು ಜ್ಞಾನಪೀಠದವರೆಗೆ ಹೋದ ಆ ಮಗನನ್ನು ನಾಡು ಕೊಂಡಾಡಿತು. ತಾಯಿ ಕಾದ ಆ ಐದು ವರ್ಷಗಳ ಲೆಕ್ಕ ಯಾರ ಹತ್ತಿರವಿದೆ?

ಈಗ ಜೋಸೆಫರ ಬಳಿಗೆ ಬರೋಣ. ಮಾತೆ ಮರಿಯಮ್ಮನವರು ವಿಧವೆಯಲ್ಲ, ಗಂಡ ಬಿಟ್ಟವರೂ ಅಲ್ಲ. ಆ ಹೋಲಿಕೆಯನ್ನು ನಾವು ಮಾಡುವುದಿಲ್ಲ. ಆದರೆ ನಜರೇತಿನ ಜನರ ಕಣ್ಣಿಗೆ ಆಕೆ ಮದುವೆಗೆ ಮುಂಚೆ ಗರ್ಭಿಣಿಯಾದ ಹುಡುಗಿ. ಜೋಸೆಫರು ಮೊದಲು ಯೋಚಿಸಿದ್ದೂ ಸಜ್ಜನರು ಯೋಚಿಸುವಂಥದ್ದೇ: ಗದ್ದಲವಿಲ್ಲದೆ, ಗುಟ್ಟಾಗಿ ಬಿಟ್ಟುಬಿಡುವುದು. ಗುಟ್ಟು ಎಂಬುದು ಇಲ್ಲೂ ಬಂತು ನೋಡಿ. ದೇವದೂತ ಅವರನ್ನು ಆ ಗುಟ್ಟಿನಿಂದ ಹೊರಗೆಳೆದ, ಎರಡು ಕೆಲಸ ಹೇಳಿದ. ಆಕೆಯನ್ನು ಮನೆಗೆ ಕರೆದುಕೋ. ಮಗುವಿಗೆ ನೀನೇ ಹೆಸರಿಡು. ಯೆಹೂದ್ಯರಲ್ಲಿ ಹೆಸರಿಡುವುದು ಎಂದರೆ, ಈ ಮಗು ನನ್ನದು ಎಂದು ಊರಿಗೆಲ್ಲ ಸಾರಿದಂತೆ. ಶುಭಸಂದೇಶಗಳಲ್ಲಿ ಜೋಸೆಫರ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ. ಅವರು ಆಡಿದರೆಂದು ನಾವು ಖಚಿತವಾಗಿ ಹೇಳಬಹುದಾದ ಒಂದೇ ಮಾತು ಆ ಮಗುವಿನ ಹೆಸರು. ಮಗುವನ್ನು ಹುಟ್ಟಿಸಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಹೊಣೆ ಹೊತ್ತಾಗ ಆಗುತ್ತಾರೆ ಎಂಬ ಅರ್ಥದ ಬೋಧನೆಯನ್ನು ಪೋಪ್ ಫ್ರಾನ್ಸಿಸರು 2020ರ ಡಿಸೆಂಬರಿನಲ್ಲಿ ಸಂತ ಜೋಸೆಫರ ಬಗ್ಗೆ ಬರೆದ ಪತ್ರದಲ್ಲಿ ಕೊಟ್ಟಿದ್ದರು.

ಹೆಸರು ಎಂದಾಗ ನಮ್ಮ ಜಿಲ್ಲೆಯ ಒಂದು ಗಾಯ ನೆನಪಾಗುತ್ತದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಆಮೇಲೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರ ಸಂಖ್ಯೆ 46,660. ಬಾಗಲಕೋಟೆ ಜಿಲ್ಲೆಯೂ ಆ ಲೆಕ್ಕದಲ್ಲಿದೆ. ಅವರಲ್ಲಿ ಎಷ್ಟೋ ಮಂದಿ ಒಂಟಿ ತಾಯಂದಿರು. ಶಾಲೆಗೆ ಸೇರಿಸುವಾಗ ‘ತಂದೆಯ ಹೆಸರು’ ಎಂಬ ಜಾಗ ಬಂದಾಗ ಆ ತಾಯಿಯ ಮುಖ ನೋಡಿದವರಿಗೆ ಗೊತ್ತು. 2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಒಬ್ಬ ಅವಿವಾಹಿತ ತಾಯಿಯ ಮೊಕದ್ದಮೆಯಲ್ಲಿ, ಮಗುವಿನ ಪೋಷಕತ್ವಕ್ಕಾಗಿ ತಂದೆಯ ಹೆಸರನ್ನು ಬಹಿರಂಗಪಡಿಸುವಂತೆ ಆಕೆಯನ್ನು ಒತ್ತಾಯಿಸಬೇಕಾಗಿಲ್ಲ, ಆಕೆಯ ಪ್ರಮಾಣಪತ್ರದ ಆಧಾರದ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು ಎಂದಿತು. ಆ ತಾಯಿ ಕ್ರೈಸ್ತಳು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ನಮ್ಮ ಧರ್ಮಸಭೆಯ ಕಾನೂನು ಸಂಹಿತೆ 1983ರಿಂದಲೇ, ಅವಿವಾಹಿತ ತಾಯಿಯ ಮಗುವಿನ ಸ್ನಾನದೀಕ್ಷೆಯನ್ನು ತಾಯಿಯ ಹೆಸರಿನಲ್ಲಿ ದಾಖಲಿಸಲು ಅವಕಾಶ ಕೊಟ್ಟಿದೆ (877ನೆಯ ನಿಯಮ). ಹಾಗಾಗಿ ಯಾರಾದರೂ ಅಂಥ ತಾಯಿಯನ್ನು ಗುರುಮನೆಯ ಬಾಗಿಲಲ್ಲಿ ತಡೆದರೆ ಅದು ತಡೆದವರ ರೂಢಿ, ಧರ್ಮಸಭೆಯ ನಿಯಮವಲ್ಲ.

ಮರುಮದುವೆಯ ಬಗ್ಗೆ ಕೆಲವು ಮಾತುಗಳನ್ನು ನೇರವಾಗಿ ಹೇಳುತ್ತೇವೆ. ಗಂಡ ತೀರಿಹೋದವಳು ಮದುವೆಯಾಗಲು ಸ್ವತಂತ್ರಳು. ಸಂತ ಪೌಲರೇ ಕೊರಿಂಥದವರಿಗೆ ಇದನ್ನು ಬರೆದಿದ್ದಾರೆ. ವರ್ಷ ತುಂಬಿತೋ ಇಲ್ಲವೋ, ವಯಸ್ಸಾಯಿತಲ್ಲ ಎಂಬ ನೆರೆಹೊರೆಯ ಲೆಕ್ಕಕ್ಕೆ ಬೆಲೆಯಿಲ್ಲ. ಗಂಡ ಬದುಕಿದ್ದು ಬಿಟ್ಟುಹೋಗಿದ್ದರೆ ದಾರಿ ಉದ್ದ. ಹಿಂದಿನ ಮದುವೆ ಸಿಂಧುವೇ ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ ಪರಿಶೀಲಿಸಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸರು ಆ ಪ್ರಕ್ರಿಯೆಯನ್ನು ಸರಳಗೊಳಿಸಿದ್ದಾರೆ. ಅಂಥವರು ಒಳಗೊಳಗೇ ಕೊರಗದೆ ಬಂದು ಮಾತಾಡಲಿ.

ಇನ್ನೊಂದು ನಿಯಮವಿದೆ, ನಮಗೆ ಬಹಳ ಮೆಚ್ಚಿಗೆಯಾದದ್ದು: 1071ನೆಯದು. ಹಿಂದಿನ ಸಂಬಂಧದ ಮಕ್ಕಳ ಹೊಣೆಯಿರುವವರ ಮದುವೆಯನ್ನು ಮೇಲಿನವರ ಅನುಮತಿಯಿಲ್ಲದೆ ಗುರುಗಳು ನಡೆಸುವಂತಿಲ್ಲ. ಕೆಲವರಿಗೆ ಇದು ಅಡ್ಡಿಯೆನಿಸುತ್ತದೆ. ಆದರೆ ಆ ನಿಯಮ ಕೇಳುತ್ತಿರುವುದು ನಮ್ಮ ತುಳಸಿಗೇರಿಯ ತಾಯಿ ಕೇಳಿದ್ದನ್ನೇ: ಮಗುವಿನ ಗತಿ ಏನು? ಉಡಿಕಿಯ ರಾತ್ರಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಹಾಗಾಗಿ ಬಂದವನನ್ನು ನಾವು ಕೇಳುತ್ತೇವೆ. ಕುಡಿತವಿದೆಯೇ? ಸಾಲವೆಷ್ಟು? ಆಕೆಯ ಕೂಲಿಯ ಮೇಲೋ, ಇರುವ ಒಂದು ತುಂಡು ಜಾಗದ ಮೇಲೋ ಕಣ್ಣಿದೆಯೇ? ಮಗುವನ್ನೂ ಕೇಳುತ್ತೇವೆ, ತಾಯಿಯ ಎದುರಿಗಲ್ಲ, ಬೇರೆಯಾಗಿ. ಎಂಟು ವರ್ಷದ ಹುಡುಗ “ಆ ಕಾಕಾ ಬ್ಯಾಡ” ಎಂದರೆ ಹಟ ಎಂದು ತಳ್ಳಿಹಾಕಬೇಡಿ. ಅದು ಬರೀ ಹೊಟ್ಟೆಕಿಚ್ಚಾಗಿರಬಹುದು, ಆಗ ಸಮಯ ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ಮದುವೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಇನ್ನು ತಾಯಿಯೂ ಒಂದು ಲೆಕ್ಕ ತಿಳಿದಿರಲಿ: ಮರುಮದುವೆಯಾದರೆ ವಿಧವಾ ವೇತನ ನಿಲ್ಲುತ್ತದೆ. ಆ ಹಣಕ್ಕಾಗಿ ಮದುವೆಯನ್ನು ಮುಚ್ಚಿಟ್ಟು ಬಾಳಿದರೆ ಮತ್ತೆ ಅದೇ ಕತ್ತಲು.

ಇಳಕಲ್ ಸೀರೆಯ ಮಗ್ಗ ನೋಡಿದವರು ಇಲ್ಲಿದ್ದೀರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತಾಳ್ಮೆ ಬೇಡುವ ಕೆಲಸ, ಅವಸರ ಮಾಡಿದರೆ ಎಳೆ ಹರಿಯುತ್ತದೆ. ಹೊಸ ತಂದೆಗೂ ಹಳೆಯ ಮಗನಿಗೂ ಕೊಂಡಿ ಬೀಳುವುದು ಹಾಗೆಯೇ, ಮದುವೆಯ ದಿನವೇ “ಅಪ್ಪಾ ಅನ್ನು” ಎಂದು ಹುಡುಗನನ್ನು ಹಿಂಸಿಸಬೇಡಿ.

ಪಾಸ್ಖ ಹಬ್ಬ ಕಳೆದ ಮೇಲೆ ಮದುವೆಯ ಪ್ರಕಟಣೆಗಳು ಆರಂಭವಾಗುತ್ತವೆ. ಬಲಿಪೂಜೆಯ ಕೊನೆಯಲ್ಲಿ ಇಬ್ಬರ ಹೆಸರನ್ನು ಎಲ್ಲರ ಮುಂದೆ ಓದುವುದು ಬೋವಜನ ಅಗಸಿಯ ಮಾತಿನಂತೆಯೇ. ಒಬ್ಬ ವಿಧವೆಯ ಹೆಸರನ್ನು ಓದಿದಾಗ ಹಿಂದಿನ ಸಾಲುಗಳಲ್ಲಿ ಪಿಸುಮಾತು ಏಳಬಾರದು. ಮದುವೆ ಬೆಳಿಗ್ಗೆಯೇ ಆಗಲಿ, ಗಾಯನವೃಂದದವರು ಬೇರೆ ಮದುವೆಗಳಿಗೆ ಹಾಡುವಷ್ಟನ್ನೇ ಹಾಡಲಿ. ಮಗ ಮುಂದಿನ ಸಾಲಿನಲ್ಲಿ ಕೂರಲಿ, ಹೊಸ ಅಂಗಿ ಹಾಕಿಕೊಂಡು. ಮಹಿಳಾ ಸಂಘದ ತಾಯಂದಿರಲ್ಲಿ ಒಂದು ಬಿನ್ನಹ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತಂದು ಆಕೆಯ ಉಡಿ ತುಂಬುವವರು ಯಾರು ಎಂಬುದನ್ನು ಇಂದು ಹೊರಗೆ ಹೋಗುವ ಮುನ್ನವೇ ನಿಮ್ಮಲ್ಲಿ ಮಾತಾಡಿಕೊಳ್ಳಿ. ಇಷ್ಟು ವರ್ಷ ಅಡಿಗೆಮನೆಯ ಕಡೆ ಸರಿಯುತ್ತಿದ್ದವಳನ್ನು ಕೈ ಹಿಡಿದು ಮಣೆಯ ಮೇಲೆ ಕೂರಿಸಲು ಯಾರಾದರೂ ಮುಂದಾಗಬೇಕಲ್ಲ.