ಗುಬ್ಬಿಯ ಸುದ್ದಿ ಕುಣಿಗಲ್‌ಗೆ ಯಾವ ದಾರಿಯಲ್ಲಿ?

ಗುಬ್ಬಿಯಿಂದ ಕುಣಿಗಲ್‌ಗೆ ರೈಲಿನಲ್ಲಿ ಹೋಗಿ ನೋಡಿ. ಅಕ್ಕಪಕ್ಕದ ತಾಲ್ಲೂಕು, ಇಲ್ಲೇ ಇದೆಯಲ್ಲ ಅಂದುಕೊಂಡೀರಿ! ಗುಬ್ಬಿಯ ರೈಲು ತುಮಕೂರು ದಾಟಿ ಬೆಂಗಳೂರಿನ ಕಡೆ ಓಡುತ್ತದೆ. ಕುಣಿಗಲ್ ಇರುವುದು ಹಾಸನದ ಮಾರ್ಗದಲ್ಲಿ. ಎರಡೂ ಹಳಿ ಕೂಡುವುದು ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ. ಅಲ್ಲಿಳಿದು, ಬೇರೆ ರೈಲು ಹತ್ತಿ ಮತ್ತೆ ಪಶ್ಚಿಮಕ್ಕೆ ಬರಬೇಕು. ಇಂಜಿನ್ ಎಷ್ಟೇ ಜೋರಾಗಿ ಓಡಲಿ, ಸುತ್ತು ತಪ್ಪದು. (ಜನ ಬಸ್ಸು ಹತ್ತುತ್ತಾರೆ, ಆ ಮಾತು ಬೇರೆ.)

ದೊಡ್ಡ ಕಂಪ್ಯೂಟರುಗಳದ್ದೂ ಇದೇ ಪಾಡು. ನಾಳೆ ಜಿಲ್ಲೆಯಲ್ಲಿ ಮಳೆ ಬರುತ್ತದೆಯೇ ಎಂಬ ಲೆಕ್ಕವನ್ನು ಒಂದೇ ಪ್ರೊಸೆಸರ್‌ಗೆ ಕೊಟ್ಟರೆ, ಉತ್ತರ ಸಿಗುವಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ! ಅದಕ್ಕೇ ಲೆಕ್ಕವನ್ನು ತುಂಡು ಮಾಡಿ ಅನೇಕ ಪ್ರೊಸೆಸರ್‌ಗಳಿಗೆ ಹಂಚುತ್ತಾರೆ. ಇದೇ ಸಮಾಂತರ ಗಣನೆ. ಭಾರತದ ಮೊದಲ ಸಮಾಂತರ ಕಂಪ್ಯೂಟರ್ 'ಫ್ಲೋಸಾಲ್ವರ್' 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾ ಪ್ರಯೋಗಾಲಯದಲ್ಲೇ ತಯಾರಾಯಿತು.

ಹಂಚಿದರೆ ಮುಗಿಯಲಿಲ್ಲ. ಗುಬ್ಬಿಯ ಮೋಡದ ಲೆಕ್ಕ ಹಾಕುವ ಪ್ರೊಸೆಸರ್‌ಗೆ ತುಮಕೂರಿನ ಗಾಳಿಯ ಸುದ್ದಿ ಬೇಕು. ಸುದ್ದಿ ಯಾವ ತಂತಿಯಲ್ಲಿ, ಎಷ್ಟು ಕೈ ದಾಟಿ ಬರಬೇಕು?

64 ಪ್ರೊಸೆಸರ್‌ಗಳನ್ನು ಎಂಟೆಂಟರ ಸಾಲಿನಲ್ಲಿ ಕೂರಿಸಿ, ಪಕ್ಕದವರಿಗೆ ಮಾತ್ರ ತಂತಿ ಎಳೆಯಿರಿ. ಒಂದು ಮೂಲೆಯಿಂದ ಎದುರು ಮೂಲೆಗೆ ಸುದ್ದಿ ಮುಟ್ಟಲು 14 ಹೆಜ್ಜೆ. ಇನ್ನೊಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಪೆನ್ಸಿಲ್ ತೆಗೆದುಕೊಳ್ಳಿ.

ಎಂಟು ಪ್ರೊಸೆಸರ್‌ಗಳಿಗೆ ಎಂಟು ಚುಕ್ಕಿ ಇಟ್ಟು 000, 001, 010, 011, 100, 101, 110, 111 ಎಂದು ಹೆಸರಿಡಿ. ಒಂದೇ ಒಂದು ಅಂಕಿ ಬೇರೆ ಇರುವ ಇಬ್ಬರ ನಡುವೆ ಮಾತ್ರ ಗೆರೆ ಎಳೆಯಿರಿ. 000ಕ್ಕೆ 001, 010, 100 ನೆರೆಯವರು. ಈಗ 010 ಎಂಬುವವನು 101ಕ್ಕೆ ಸುದ್ದಿ ಕಳಿಸಬೇಕು. ಎಲ್ಲೆಲ್ಲಿ ಅಂಕಿ ಬೇರೆಯಿದೆಯೋ ಅದನ್ನು ಒಂದೊಂದಾಗಿ ಬದಲಿಸುತ್ತ ಹೋದರಾಯಿತು: 010, 110, 100, 101. ಮೂರೇ ಹೆಜ್ಜೆ! ನಕಾಶೆ ಬೇಡ, ವಿಳಾಸವೇ ದಾರಿ ಹೇಳುತ್ತದೆ. ಇದರ ಹೆಸರು ಹೈಪರ್‌ಕ್ಯೂಬ್. 64 ಜನರಿದ್ದರೆ ಆರಂಕಿಯ ಹೆಸರು, ಹೆಚ್ಚೆಂದರೆ ಆರು ಹೆಜ್ಜೆ. ಚಿತ್ರ ಬರೆಯಲು ಹೋದರೆ ಗೋಜಲು, ಆದರೆ ನಿಯಮಕ್ಕೆ ಚಿತ್ರ ಬೇಕಿಲ್ಲ. 1983ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 64 ಪ್ರೊಸೆಸರ್‌ಗಳ 'ಕಾಸ್ಮಿಕ್ ಕ್ಯೂಬ್' ಹೀಗೆಯೇ ಕೆಲಸ ಮಾಡಿತು.

ಇಂಥ ಜಾಲಗಳನ್ನೇ ಅಭ್ಯಾಸ ಮಾಡಿದವರು ಸಿ. ಎಸ್. ರಾಘವೇಂದ್ರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ, 1982ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ಪ್ರಾಧ್ಯಾಪಕರಾದರು. ಬೆಂಗಳೂರಿನಲ್ಲೇ ಓದಿದ ವಿಕ್ಟರ್ ಪ್ರಸನ್ನ ಅವರೊಂದಿಗೆ ಸೇರಿ 1980ರ ದಶಕದಲ್ಲಿ ಒಂದು ಜಾಣ ಜಾಲ ರೂಪಿಸಿದರು. ಮೊದಲು ಕೂರಿಸಿದ ಚೌಕದ ಸಾಲುಗಳು ಇದ್ದ ಹಾಗೇ ಇರಲಿ. ಪ್ರತಿ ಅಡ್ಡಸಾಲಿಗೊಂದು, ಪ್ರತಿ ಕಂಬಸಾಲಿಗೊಂದು ಸಾಮಾನ್ಯ ತಂತಿ ಸೇರಿಸೋಣ. ಆ ತಂತಿಯಲ್ಲಿ ಒಬ್ಬರು ಹೇಳಿದ್ದು ಸಾಲಿನವರಿಗೆಲ್ಲ ಒಟ್ಟಿಗೇ ಕೇಳಿಸುತ್ತದೆ.

64 ಸಾಲು, ಸಾಲಿಗೆ 64ರಂತೆ ಕೂತ 4096 ಪ್ರೊಸೆಸರ್‌ಗಳ ಬಳಿ ಒಂದೊಂದು ಸಂಖ್ಯೆಯಿದೆ, ಎಲ್ಲಕ್ಕಿಂತ ದೊಡ್ಡದು ಯಾವುದು? ಬರೀ ಪಕ್ಕದ ತಂತಿಗಳಿದ್ದರೆ ಹಿಡಿಯುವ ಸಮಯ 64ರ ಪ್ರಮಾಣದಲ್ಲಿರುತ್ತದೆ. ಇಡೀ ಚೌಕಕ್ಕೆ ಒಂದೇ ಸಾಮಾನ್ಯ ತಂತಿ ಕೊಟ್ಟರೆ 16ರ ಪ್ರಮಾಣ. ಸಾಲುಸಾಲಿಗೂ ತಂತಿ ಕೊಟ್ಟರೆ 4ರ ಪ್ರಮಾಣ! ಪುಟ್ಟ ಪುಟ್ಟ ಚೌಕಗಳೊಳಗೆ ಮೊದಲು ನೆರೆಯವರೇ ಮಾತಾಡಿ ತಮ್ಮಲ್ಲಿ ದೊಡ್ಡದನ್ನು ಆರಿಸಿಬಿಡುತ್ತಾರೆ, ಗೆದ್ದವರಷ್ಟೇ ಸಾಮಾನ್ಯ ತಂತಿ ಹಿಡಿಯುತ್ತಾರೆ. ಗದ್ದಲ ಕಡಿಮೆ, ಕೆಲಸ ಬೇಗ. ಪ್ರೊಸೆಸರ್ ಒಂದೂ ಹೆಚ್ಚಲಿಲ್ಲ, ಯಾವುದೂ ಚುರುಕಾಗಲಿಲ್ಲ. ತಂತಿ ಎಳೆದ ರೀತಿ ಬದಲಾಯಿತು ಅಷ್ಟೇ.

ಹೈಪರ್‌ಕ್ಯೂಬ್‌ನಲ್ಲಿ ಕೆಲವು ಪ್ರೊಸೆಸರ್ ಕೆಟ್ಟರೂ ಕೆಲಸ ನಡೆಸುವುದು ಹೇಗೆಂಬುದನ್ನೂ ರಾಘವೇಂದ್ರ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ನೀವೂ ನೋಡಿ: ಆಗಲೇ ಬರೆದ ಚಿತ್ರದಲ್ಲಿ 110 ಕೆಟ್ಟಿದೆ ಎಂದುಕೊಂಡು ಅದರ ಮೇಲೆ ಅಡ್ಡಗೆರೆ ಹಾಕಿ. 010ರಿಂದ 101ಕ್ಕೆ ಮೂರೇ ಹೆಜ್ಜೆಯಲ್ಲಿ ಮುಟ್ಟುವ ದಾರಿಗಳು ಇನ್ನೆಷ್ಟು ಉಳಿದಿವೆ? ನಾಲ್ಕು ಸಿಗಬೇಕು. ಒಂದನ್ನು ಹೇಳಿಬಿಡುತ್ತೇನೆ: 010, 011, 001, 101. ಉಳಿದ ಮೂರು ನಿಮಗೆ.