ಕಲಾಸಂಗ್ರಹಾಲಯಗಳಲ್ಲಿ ತರುಣ ಪದವೀಧರರ ಅಭ್ಯಾಸ



ಹಳೆಯ ಮಠಗಳ ಭಂಡಾರಗಳಲ್ಲಿ ತಾಳೆಯೋಲೆಯ ಕಟ್ಟುಗಳೂ ತಾಮ್ರಶಾಸನಗಳೂ ಪುರಾತನ ಪ್ರತಿಮೆಗಳೂ ಇರುವುದು ಸರ್ವರಿಗೂ ವಿದಿತವಾದ ಸಂಗತಿ. ಅವುಗಳನ್ನು ಸಂಪಾದಿಸಿದವರು ಒಬ್ಬರು. ಹುಳು, ತೇವ, ಬೆಂಕಿಗಳಿಂದ ತಲೆಮಾರುಗಳ ಪರ್ಯಂತ ಕಾಪಾಡಿದವರು ಬೇರೊಬ್ಬರು. ಮೊದಲಿನವರ ಹೆಸರು ಶಾಸನದಲ್ಲಿ ಉಳಿಯುವುದು; ಎರಡನೆಯವರ ಹೆಸರು ಉಳಿಯುವುದು ಅಪರೂಪ. ಇಂತಹ ಕಾಯುವವರನ್ನು ಸಿದ್ಧಪಡಿಸುವುದು ಹೇಗೆ, ಆ ಸಿದ್ಧತೆಗೆ ಯಾರು ಬರಬಲ್ಲರು ಎಂಬ ಪ್ರಶ್ನೆಯನ್ನು ಅಮೇರಿಕಾ ದೇಶದವರು ಸುಮಾರು ನೂರು ವರುಷಗಳಿಂದ ಎದುರಿಸುತ್ತಿರುವರು. ಅಲ್ಲಿಯ ಕಲಾಸಂಗ್ರಹಾಲಯಗಳಲ್ಲಿ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು ಕೆಲವು ತಿಂಗಳೋ ಒಂದು ವರುಷವೋ ಇದ್ದು ಕೆಲಸ ಕಲಿಯುವ ಪದ್ಧತಿಗೆ ಇಂಟರ್ನ್‌ಷಿಪ್ ಎಂದು ಹೆಸರು. ಈ ಉಪನ್ಯಾಸದ ವಿಷಯವು ಅದೇ.

ಈ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಪಾಲ್ ಸ್ಯಾಕ್ಸ್ ಎಂಬವರು ಅಗ್ರಗಣ್ಯರು. ಇವರು 1878ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಲೇವಾದೇವಿ ಮನೆತನದಲ್ಲಿ ಜನಿಸಿದರು. ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯಲ್ಲಿ ಪಾಲುಗಾರರಾಗಿದ್ದು, ಸಿರಿಸಂಪತ್ತು ಕಾಲಬಳಿ ಇರುವಾಗಲೇ ಅದನ್ನು ಬಿಟ್ಟು, 1915ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಕಲಾಸಂಗ್ರಹಾಲಯಕ್ಕೆ ಸಹಾಯಕ ನಿರ್ದೇಶಕರಾಗಿ ಬಂದರು. ನಿರ್ದೇಶಕರಾಗಿದ್ದ ಎಡ್ವರ್ಡ್ ಫೋರ್ಬ್ಸ್‌ರವರೂ ಇವರೂ ಒಂದೇ ಮನಸ್ಸಿನವರಾದುದು ಸಂಸ್ಥೆಯ ಭಾಗ್ಯವೆನ್ನಬೇಕು. 1921ರಲ್ಲಿ ಸ್ಯಾಕ್ಸ್‌ರವರು ಸಂಗ್ರಹಾಲಯದ ಕೆಲಸ ಮತ್ತು ಅದರ ಸಮಸ್ಯೆಗಳನ್ನು ಕುರಿತ ತರಗತಿಯನ್ನು ಆರಂಭಿಸಿದರು. ಅದು 1948ರ ವರೆಗೆ ನಡೆಯಿತು.

ತರಗತಿ ಎಂದೊಡನೆ ಹಲಗೆಯೂ ಸೀಮೆಸುಣ್ಣವೂ ಕಣ್ಣಿಗೆ ಕಟ್ಟುವುದು ಸಹಜ. ಇಲ್ಲಿಯ ಬಗೆಯೇ ಬೇರೆ. ವಿದ್ಯಾರ್ಥಿಗಳು ಸಂಗ್ರಹಾಲಯದಲ್ಲಿಯೂ, ಶೇಡಿ ಹಿಲ್ ಎಂಬ ಸ್ಯಾಕ್ಸ್‌ರವರ ನಿವಾಸದಲ್ಲಿಯೂ ಸೇರುತ್ತಿದ್ದರು. ಗುರುಗಳು ತಮ್ಮ ಸಂಗ್ರಹದ ಒಂದು ವಸ್ತುವನ್ನೋ ರೇಖಾಚಿತ್ರವನ್ನೋ ಶಿಷ್ಯನ ಕೈಗಿತ್ತು, ಇದು ಯಾವ ಕಾಲದ್ದು, ಯಾವ ದೇಶದ್ದು, ನಿಜವೋ ನಕಲೋ, ಏತರಿಂದ ಹಾಗೆ ತಿಳಿಯಿತು ಎಂದು ವಿಚಾರಿಸುತ್ತಿದ್ದರು. ಅಕ್ಕಸಾಲಿಗನ ಮಗನು ಚಿನ್ನದ ಬಣ್ಣವನ್ನು ಪುಸ್ತಕದಿಂದ ಕಲಿಯುವನೇ? ಒರೆಗಲ್ಲಿನ ಮುಂದೆ ತಂದೆಯ ಮಗ್ಗುಲಲ್ಲಿ ಕುಳಿತೇ ಕಲಿಯುವನು. ಕಣ್ಣಿನ ವಿದ್ಯೆಯು ಹಾಗೆಯೇ ಹತ್ತುವುದು. ಇದಲ್ಲದೆ ಶಿಷ್ಯರನ್ನು ಸಂಗ್ರಾಹಕರ ಮನೆಗಳಿಗೂ ಕಲಾವಸ್ತುಗಳ ವರ್ತಕರ ಅಂಗಡಿಗಳಿಗೂ ಕರೆದೊಯ್ಯುತ್ತಿದ್ದರು. ದಾನಿಗಳೊಡನೆ ವರ್ತಿಸುವ ರೀತಿಯೂ ಪಾಠದ ಭಾಗವಾಗಿದ್ದಿತು. ಶಿಷ್ಯರೇ ಸೇರಿ ಒಂದು ಪ್ರದರ್ಶನವನ್ನು ಏರ್ಪಡಿಸಬೇಕಾಗಿದ್ದಿತು. ಸ್ಯಾಕ್ಸ್‌ರವರು ಕುಳ್ಳಗಿದ್ದುದರಿಂದ ಚಿತ್ರಗಳನ್ನು ತಮ್ಮ ಕಣ್ಣಿನ ಮಟ್ಟಕ್ಕೆ ತಗ್ಗಿಸಿ ತೂಗುಹಾಕಿಸುತ್ತಿದ್ದರೆಂದೂ, ಶಿಷ್ಯರು ಹೋದ ಊರುಗಳಲ್ಲೆಲ್ಲ ಚಿತ್ರಗಳು ಅಷ್ಟೇ ತಗ್ಗಿನಲ್ಲಿ ತೂಗಿದವೆಂದೂ ಹೇಳುವುದುಂಟು. ಗುರುವಿನ ಗುಣದೊಡನೆ ಗುರುವಿನ ಎತ್ತರವೂ ಶಿಷ್ಯರಿಗೆ ಬಂದಿತೆನ್ನಬಹುದು!

ಫೋರ್ಬ್ಸ್‌ರವರ ತರಗತಿಯಲ್ಲಿ ಹಳೆಯ ಚಿತ್ರಗಾರರ ವಿಧಾನವನ್ನು ಕೈಯಾರೆ ಮಾಡಿ ತಿಳಿಯಬೇಕು. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಬೇಕು. ಹಸಿ ಗಾರೆಯ ಮೇಲೆ ಬರೆಯಬೇಕು. 1927ರಲ್ಲಿ ಫಾಗ್ ಸಂಗ್ರಹಾಲಯಕ್ಕೆ ಹೊಸ ಕಟ್ಟಡವಾದಾಗ ಪಾಠಶಾಲೆ, ಚಿತ್ರಶಾಲೆ, ಪುಸ್ತಕ ಭಂಡಾರಗಳು ಒಂದೇ ಸೂರಿನಡಿ ಬಂದವು. ಸ್ವಲ್ಪ ಕಾಲದಲ್ಲಿಯೇ ಜಾರ್ಜ್ ಸ್ಟೌಟ್‌ರವರೂ ರಸಾಯನಶಾಸ್ತ್ರಜ್ಞ ರುದರ್‌ಫರ್ಡ್ ಗೆಟ್ಟೆನ್ಸ್‌ರವರೂ ಅಲ್ಲಿ ಸಂರಕ್ಷಣ ಶಾಸ್ತ್ರದ ಪ್ರಯೋಗಶಾಲೆಯನ್ನು ಬೆಳೆಸಿದರು.

ಫಲವೇನೆಂಬುದನ್ನು ನೋಡುವುದಾದರೆ, 1929ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ಸ್ಥಾಪಿತವಾದಾಗ ಅದರ ಮೊದಲ ನಿರ್ದೇಶಕರಾದವರು ಸ್ಯಾಕ್ಸ್‌ರವರ ಶಿಷ್ಯ ಆಲ್ಫ್ರೆಡ್ ಬಾರ್. ಆಗ ಅವರ ವಯಸ್ಸು ಇಪ್ಪತ್ತೇಳು! 1955ರಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯದ ನಿರ್ದೇಶಕ ಪದವಿಯನ್ನು ಪಡೆದ ಜೇಮ್ಸ್ ರೋರಿಮರ್‌ರವರೂ ಅದೇ ಗರಡಿಯವರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಲೂಟಿಮಾಡಿದ ಕಲಾವಸ್ತುಗಳನ್ನು ಹುಡುಕಿ ತೆಗೆದ ಅಧಿಕಾರಿಗಳಲ್ಲಿ ಸ್ಟೌಟ್, ರೋರಿಮರ್ ಇಬ್ಬರೂ ಇದ್ದರು. ಈ ಪಾಠಶಾಲೆಗೆ ಸಮೀಪದ ಬಾಸ್ಟನ್ ಸಂಗ್ರಹಾಲಯದಲ್ಲಿ 1917ರಿಂದ 1947ರಲ್ಲಿ ದೇಹಾವಸಾನವಾಗುವ ವರೆಗೂ ಭಾರತೀಯ ಕಲೆಯ ಸಂಗ್ರಹವನ್ನು ನೋಡಿಕೊಂಡವರು ಆನಂದ ಕುಮಾರಸ್ವಾಮಿಗಳೆಂಬುದನ್ನೂ ಇಲ್ಲಿ ನೆನೆಯಬಹುದು.

ಇಷ್ಟು ಪ್ರಶಂಸೆಯ ಅನಂತರ ಇನ್ನೊಂದು ಮುಖವನ್ನೂ ನೋಡದಿದ್ದರೆ ಸತ್ಯಕ್ಕೆ ಲೋಪ ಬರುವುದು. ಆ ಬಾಗಿಲೊಳಗೆ ಬಂದವರು ಯಾರು? ಬಹುಮಟ್ಟಿಗೆ ಉಳ್ಳವರ ಮಕ್ಕಳು, ಬಿಳಿಯ ಜನಾಂಗದ ಪುರುಷರು. ಆಗ್ನೆಸ್ ಮೊಂಗನ್ ಎಂಬ ವಿದುಷಿಯು 1928ರಿಂದ ಫಾಗ್‌ನಲ್ಲಿ ದುಡಿದು, ಸ್ಯಾಕ್ಸ್‌ರವರೊಡನೆ ರೇಖಾಚಿತ್ರಗಳ ಮಹಾಸೂಚಿಯನ್ನು 1940ರಲ್ಲಿ ಹೊರತಂದರೂ, ಸ್ತ್ರೀಯೆಂಬ ಕಾರಣದಿಂದ ಕ್ಯುರೇಟರ್ ಎಂಬ ಪದವಿನಾಮವು ದೊರೆಯಲು 1947ರ ವರೆಗೆ ಕಾಯಬೇಕಾಯಿತು. ಅದೇ ಸಂಸ್ಥೆಗೆ ಆಕೆಯು ನಿರ್ದೇಶಕಿಯಾದುದು 1969ರಲ್ಲಿ.

ಆ ತರಗತಿಯು ನಿಂತಮೇಲೆ ಅಭ್ಯಾಸದ ಪದ್ಧತಿಯು ದೇಶದ ಸಂಗ್ರಹಾಲಯಗಳಲ್ಲೆಲ್ಲ ಹರಡಿತು. ಇಂದಿನ ಅಭ್ಯಾಸಿಯ ದಿನಚರಿಯು ಹೊರಗಿನವರಿಗೆ ನೀರಸವಾಗಿ ತೋರೀತು. ವಸ್ತುವಿಗೆ ದಾಖಲೆಯ ಸಂಖ್ಯೆಯುಂಟು. ಆ ಸಂಖ್ಯೆಯ ಕಡತವನ್ನು ತೆರೆದು, ವಸ್ತುವು ಯಾರಿಂದ ಯಾರಿಗೆ ಕೈ ಬದಲಾಯಿಸಿತೆಂಬ ವಂಶಾವಳಿಯನ್ನು ಬಿಡಿಸಬೇಕು. ಯುರೋಪಿನಿಂದ ಬಂದ ಚಿತ್ರವಾದರೆ 1933ರಿಂದ 1945ರ ವರೆಗಿನ ಅವಧಿಯಲ್ಲಿ ಬರಿದಾದ ಸ್ಥಳವಿದೆಯೇ ಎಂದು ವಿಶೇಷವಾಗಿ ಶೋಧಿಸಬೇಕು, ಯಾಕೆಂದರೆ ಆ ಬರಿದಾದ ಸ್ಥಳದಲ್ಲಿ ಯಾರದೋ ಮನೆಯ ಲೂಟಿಯು ಅಡಗಿರಬಹುದು. ಎರವಲು ಹೋಗುವ ಮೊದಲು ವಸ್ತುವಿನ ಬಿರುಕು, ಕಲೆಗಳನ್ನೆಲ್ಲ ಬರೆದಿಡಬೇಕು. ಕಾಗದದ ಮೇಲಿನ ಚಿತ್ರಕ್ಕೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಾಡಿಕೆಯ ಮಿತಿ. ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಗೆ ಸೇರಿಸಬೇಕು. ಇನ್ನು ಗೋಡೆಯ ಫಲಕದ ಬರವಣಿಗೆ. ಇನ್ನೂರು ಪುಟದ ಪ್ರಬಂಧ ಬರೆದ ವಿದ್ವಾಂಸನಿಗೆ ನೂರು ಶಬ್ದದೊಳಗೆ, ಮಗುವನ್ನು ಎತ್ತಿಕೊಂಡು ನಿಂತ ತಾಯಿಗೂ ತಿಳಿಯುವಂತೆ ಬರೆಯೆಂದರೆ ಬೆವರು ಬರುವುದು. ಈ ಶಿಕ್ಷೆಯು ಎಲ್ಲ ವಿದ್ವಾಂಸರಿಗೂ ಒಮ್ಮೆ ಆಗತಕ್ಕದ್ದೇ.

ಆದರೆ ಇಷ್ಟೆಲ್ಲ ಕೆಲಸ ಮಾಡುವವನ ಊಟದ ವೆಚ್ಚ ಯಾರದು? ಹಿಂದೆ ಕಚೇರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದ ಉಮೇದುವಾರರ ಪಾಡು ಹಿರಿಯರ ನೆನಪಿನಲ್ಲಿರಬಹುದು. ಅಮೇರಿಕೆಯ ಅನೇಕ ಸಂಗ್ರಹಾಲಯಗಳಲ್ಲಿ ಬಹುಕಾಲ ನಡೆದುದು ಅದೇ. ನ್ಯೂಯಾರ್ಕಿನಂತಹ ನಗರದಲ್ಲಿ ಬಾಡಿಗೆ ತೆತ್ತು ಬಿಟ್ಟಿ ದುಡಿಯಬಲ್ಲವನು ತಂದೆಯ ಗಂಟುಳ್ಳವನೇ ಆಗಿರಬೇಕಲ್ಲದೆ ಬೇರೆಯಾರು? ಕೆಲವು ಕಡೆ ವೇತನಕ್ಕೆ ಬದಲಾಗಿ ವಿಶ್ವವಿದ್ಯಾನಿಲಯದ ಅಂಕಗಳು ದೊರೆಯುವುವು. ಆ ಅಂಕಗಳಿಗೆ ವಿದ್ಯಾರ್ಥಿಯೇ ಶುಲ್ಕ ಕಟ್ಟಬೇಕು! ದುಡಿಯುವವನೇ ದುಡ್ಡು ಕೊಡುವ ಈ ವ್ಯಾಪಾರವು ಕಾಯಕದ ಅರ್ಥವನ್ನು ಬಲ್ಲವರಿಗೆ ವಿಚಿತ್ರವಾಗಿಯೇ ಕಾಣುವುದು. ಊರಿಂದ ಬಂದ ಬಡ ಹುಡುಗನು ಓದಬೇಕಾದರೆ ಮೊದಲು ಅವನಿಗೆ ಅನ್ನವೂ ಮಲಗಲು ಸ್ಥಳವೂ ಬೇಕೆಂಬುದನ್ನು ಪ್ರಸಾದ ನಿಲಯಗಳನ್ನು ಕಟ್ಟಿದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಪರಿಣಾಮವು ಲೆಕ್ಕಕ್ಕೆ ಸಿಕ್ಕಿತು. 2015ರಲ್ಲಿ ಮೆಲನ್ ಪ್ರತಿಷ್ಠಾನವು ಪ್ರಕಟಿಸಿದ ಗಣತಿಯಂತೆ ಅಮೇರಿಕೆಯ ಕಲಾಸಂಗ್ರಹಾಲಯಗಳ ಕ್ಯುರೇಟರ್, ಸಂರಕ್ಷಕ, ಶಿಕ್ಷಕ ಹಾಗೂ ನಾಯಕ ಸ್ಥಾನಗಳಲ್ಲಿ ಶೇಕಡ 84 ಮಂದಿ ಬಿಳಿಯರು. ಕರಿಯ ಜನಾಂಗದವರು ಶೇಕಡ 4 ಮಾತ್ರ. ವೇತನವಿಲ್ಲದ ಅಭ್ಯಾಸವೊಂದೇ ಇದಕ್ಕೆ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಮೊದಲ ಮೆಟ್ಟಿಲೇ ದುಬಾರಿಯಾದಲ್ಲಿ ಮಹಡಿಯ ಮೇಲೆ ಯಾರಿರುವರೆಂಬುದು ಊಹೆಗೆ ಮೀರಿದ್ದಲ್ಲ. ಬಾಗಿಲು ತೆರೆದಲ್ಲಿ ಏನಾಗುವುದೆಂಬುದಕ್ಕೂ ನಿದರ್ಶನವುಂಟು. 1968ರಲ್ಲಿ ಕರಿಯ ಕಲಾವಿದರಿಗಾಗಿ ಸ್ಥಾಪಿತವಾದ ಹಾರ್ಲೆಮ್‌ನ ಸ್ಟುಡಿಯೋ ಸಂಗ್ರಹಾಲಯದಲ್ಲಿ ವಿದ್ಯಾರ್ಥಿನಿಯಾಗಿ ಅಭ್ಯಾಸ ಮಾಡಿದ ಥೆಲ್ಮಾ ಗೋಲ್ಡನ್ ಎಂಬವರು 2005ರಲ್ಲಿ ಅದೇ ಸಂಸ್ಥೆಯ ನಿರ್ದೇಶಕಿಯಾದರು.

2019ರ ಜೂನ್ ತಿಂಗಳಲ್ಲಿ ಕಲಾಸಂಗ್ರಹಾಲಯಗಳ ನಿರ್ದೇಶಕರ ಸಂಘವು ಅಭ್ಯಾಸಿಗಳಿಗೆ ವೇತನ ಕೊಡಬೇಕೆಂದು ತನ್ನ ಸದಸ್ಯರನ್ನು ಒತ್ತಾಯಿಸುವ ನಿರ್ಣಯವನ್ನು ಅಂಗೀಕರಿಸಿತು. 2020ರಲ್ಲಿ ಏಡ್ರಿಯನ್ ಆರ್ಷ್ಟ್ ಎಂಬ ದಾನಶೀಲೆಯು ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ 50 ಲಕ್ಷ ಡಾಲರುಗಳನ್ನು ಕೊಟ್ಟುದರಿಂದ ಅಲ್ಲಿಯ ಅಭ್ಯಾಸದ ಸ್ಥಾನಗಳೆಲ್ಲವೂ ವೇತನಸಹಿತವಾದವು. ನಿರ್ಣಯವು ಕಾಯಿದೆಯಲ್ಲ. ದೊಡ್ಡ ಸಂಸ್ಥೆಗೆ ದೊಡ್ಡ ದಾನಿಗಳು ದೊರೆಯುವರು. ನಾಲ್ಕು ಜನ ನೌಕರರಿರುವ ಸಣ್ಣ ಊರಿನ ಸಂಗ್ರಹಾಲಯಕ್ಕೆ ಒಬ್ಬ ಅಭ್ಯಾಸಿಯ ವೇತನವೂ ಭಾರವೇ. ಅಂತಹ ಕೆಲವರು ವರುಷಕ್ಕೆ ಐವರನ್ನು ಬಿಟ್ಟಿ ಸೇರಿಸಿಕೊಳ್ಳುವುದನ್ನು ಬಿಟ್ಟು, ಒಬ್ಬನನ್ನೇ ವೇತನ ಕೊಟ್ಟು ಇಟ್ಟುಕೊಳ್ಳುವ ದಾರಿಯನ್ನು ಹಿಡಿಯಬಹುದು. ಆಗ ಉಳಿದ ನಾಲ್ವರಿಗೆ ಎಲ್ಲಿ ಸ್ಥಳವೆಂಬ ಪ್ರಶ್ನೆಯು ಏಳುವುದು.